ಎಮ್ಯುಲೇಟರುಗಳೂ ಗ್ರಂಥಸಂಪಾದನೆಯೂ

೧

ಒಂದನೆಯ ಗುಣವರ್ಮನ ‘ಶೂದ್ರಕ’ವನ್ನು ಓದಿದವರು ಇಂದು ಯಾರೂ ಇಲ್ಲ. ಪೊನ್ನನ ‘ಭುವನೈಕರಾಮಾಭ್ಯುದಯ’ವನ್ನು ಕಂಡವರೂ ಇಲ್ಲ. ಈ ಕಾವ್ಯಗಳು ಇದ್ದುವೆಂಬುದನ್ನು ಮಾತ್ರ ನಾವು ಬಲ್ಲೆವು; ಇತರ ಗ್ರಂಥಗಳಲ್ಲಿ ದೊರೆಯುವ ಉಲ್ಲೇಖಗಳಿಂದ ಅವುಗಳ ಸ್ವರೂಪವನ್ನು ಅಷ್ಟಿಷ್ಟು ಊಹಿಸುತ್ತೇವೆ. ಗ್ರಂಥವೊಂದು ನಷ್ಟವಾಗುವುದಕ್ಕೆ ಬೆಂಕಿಯೋ ಗೆದ್ದಲೋ ಬೇಕೆಂದೇನೂ ಇಲ್ಲ. ಪ್ರತಿಮಾಡುವವರು ಕೆಲವು ತಲೆಮಾರುಗಳ ಕಾಲ ಕೈಬಿಟ್ಟರೆ ಸಾಕು. ಉಳಿದಿರುವ ಗ್ರಂಥಗಳೆಲ್ಲವೂ ಯಾರೋ ಒಬ್ಬ ಲಿಪಿಕಾರನು ಸಕಾಲದಲ್ಲಿ ಓಲೆಯನ್ನು ಮುಂದಿಟ್ಟುಕೊಂಡು ಕುಳಿತುದರ ಫಲ.

ಈ ವಿಚಾರ ನಮ್ಮ ಮನಸ್ಸಿಗೆ ಮತ್ತೆ ಬಂದದ್ದು ಓಲೆಗರಿಯ ಸಂಬಂಧದಲ್ಲಿ ಅಲ್ಲ. ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬನು ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ತನ್ನ ಮನೆಯ ಅಟ್ಟದಿಂದ ಹಳೆಯದೊಂದು ಟಿ.ವಿ. ಆಟದ ಪೆಟ್ಟಿಗೆಯನ್ನೂ ಅದಕ್ಕೆ ತೂರಿಸುವ ಒಂದು ಕ್ಯಾಸೆಟ್ಟನ್ನೂ ತಂದು ನಮ್ಮ ಮೇಜಿನ ಮೇಲಿಟ್ಟನು. ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅದು. ೧೯೯೦ರ ದಶಕದಲ್ಲಿ ಅಂತಹ ನಕಲುಗಳೇ ನಮ್ಮ ಊರುಗಳ ಮನೆಗಳಿಗೆ ಬಂದುವು. ಮೂಲಯಂತ್ರವನ್ನು ಕಂಡವರು ಅತಿ ವಿರಳ. ಪೆಟ್ಟಿಗೆಗೆ ಜೀವವಿರಲಿಲ್ಲ. ಕ್ಯಾಸೆಟ್ಟಿನೊಳಗಿನ ಚಿಪ್ಪು ಮಾತ್ರ ಕೆಟ್ಟಿರಲಿಲ್ಲ. ವಿದ್ಯಾರ್ಥಿಯು ಅದರಲ್ಲಿದ್ದುದನ್ನು ಒಂದು ಸಣ್ಣ ಉಪಕರಣದಿಂದ ಓದಿಸಿ, ವಿಭಾಗದ ಲಿನಕ್ಸ್ ಗಣಕದಲ್ಲಿ ಎಮ್ಯುಲೇಟರೊಂದರ ಮೂಲಕ ನಡೆಸಿ, ಬಾಲ್ಯದಲ್ಲಿ ಆ ಪೆಟ್ಟಿಗೆಯಲ್ಲಿ ಆಡಿದ್ದ ತನ್ನ ಸೋದರಮಾವನಿಗೆ ತೋರಿಸಿದನು. ಅವರು ಸ್ವಲ್ಪ ಹೊತ್ತು ನೋಡಿ, “ಆಟವೇನೋ ಅದೇ ಕಣಪ್ಪ, ಆದರೆ ಹಾಡು ಓಡ್ತಾ ಇದೆಯಲ್ಲ” ಎಂದರಂತೆ.

ಈ ಒಂದು ಮಾತು ನಮ್ಮನ್ನು ಬಹಳ ದೂರ ಕೊಂಡೊಯ್ದಿತು. ಆಟ ಅದೇ, ಆದರೆ ಹಾಡು ಬೇರೆ ಎಂದರೆ ಇದು ಪಾಠಾಂತರದ ಪ್ರಶ್ನೆ. ಹಳೆಯ ಆಟಗಳನ್ನು ಹೊಸ ಯಂತ್ರಗಳಲ್ಲಿ ಉಳಿಸಿಕೊಳ್ಳುವ ಕೆಲಸವು ಬಹುಮಟ್ಟಿಗೆ ಗ್ರಂಥಸಂಪಾದನೆಯ ಕೆಲಸವೇ ಆಗಿದೆ. ಅದನ್ನು ಅಳೆಯುವುದಕ್ಕೆ ತಕ್ಕ ಅಳತೆಗೋಲು ನಮ್ಮ ಶಾಸ್ತ್ರದಲ್ಲಿ ಮೊದಲಿಂದಲೂ ಸಿದ್ಧವಾಗಿದೆ. ಇದನ್ನು ನಿದರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಒಂದು ಯಂತ್ರದ ನಡೆವಳಿಕೆಯನ್ನು ಮತ್ತೊಂದು ಯಂತ್ರದಲ್ಲಿ ತಂತ್ರಾಂಶದ ಮೂಲಕ ಅನುಕರಿಸಿ ತೋರಿಸುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಎಂದು ಹೆಸರು. ಇಂತಹ ಪ್ರೋಗ್ರಾಮನ್ನು ಬಳಕೆದಾರನು ಸುಲಭವಾಗಿ ಪಡೆದು ನಡೆಸುವಂತೆ, ಅದಕ್ಕೆ ಬೇಕಾದ ಇತರ ಭಾಗಗಳ ಪಟ್ಟಿಯೊಡನೆ, ಹಕ್ಕುಪತ್ರದ ವಿವರಗಳೊಡನೆ ಒಟ್ಟುಗೂಡಿಸಿ ಇಡುವುದು ಪ್ಯಾಕೇಜಿಂಗ್. ಓಲೆಗರಿಗಳಿಗೆ ದಾರ ಪೋಣಿಸಿ, ಮೇಲೂ ಕೆಳಗೂ ಹಲಗೆಯಿಟ್ಟು ಬಿಗಿದುದನ್ನು ನಾವು ‘ಕಟ್ಟು’ ಎನ್ನುತ್ತೇವೆ. ಪ್ಯಾಕೇಜಿಗೂ ಅದೇ ಮಾತು ಸಲ್ಲುತ್ತದೆ. ಆ ಕಟ್ಟನ್ನು ವರ್ಷವರ್ಷವೂ ಬಿಚ್ಚಿ, ಒರೆಸಿ, ಸವೆದ ದಾರವನ್ನು ಬದಲಿಸಿ ಮತ್ತೆ ಕಟ್ಟುವವನನ್ನು ಪಾಲಕನೆಂದು ಕರೆಯಬಹುದು.

ಆಟಿಕೆಯೊಂದನ್ನು ಉಳಿಸುವುದಕ್ಕೆ ಇಷ್ಟೆಲ್ಲ ಏಕೆ ಬೇಕು ಎಂದು ಕೇಳಬಹುದು. ಬೈರಾಪಟ್ಟಣಕ್ಕೆ ನೆರೆಯ ಚನ್ನಪಟ್ಟಣವೇ ಬೊಂಬೆಗಳ ಊರು. ಅಲ್ಲಿನ ಕುಶಲಕರ್ಮಿಯ ಕೈಗೆ ಸವೆದ ಬೊಂಬೆಯೊಂದನ್ನು ಕೊಟ್ಟರೆ ಅವನು ತಿರುಗಿಸಿ ನೋಡಿ, ಹಾಲೆಮರದ ತುಂಡೊಂದನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ಗರಿಯಿಂದ ಉಜ್ಜಿ ಹೊಳಪು ಕೊಟ್ಟು ಅಂತಹುದೇ ಮತ್ತೊಂದನ್ನು ಮಾಡಿಕೊಡಬಲ್ಲನು. ಬೊಂಬೆಯು ತಾನು ಹೇಗೆ ಆಯಿತೆಂಬುದನ್ನು ತಾನೇ ಹೇಳುತ್ತದೆ. ವಿಡಿಯೋ ಆಟ ಹಾಗಲ್ಲ. ಕ್ಯಾಸೆಟ್ಟಿನಲ್ಲಿರುವುದು ಸಂಖ್ಯೆಗಳ ಒಂದು ಸಾಲು. ಆ ಸಂಖ್ಯೆಗಳಿಗೆ ಅರ್ಥವನ್ನು ಕೊಡುವುದು ಯಂತ್ರ. ಯಂತ್ರ ಸತ್ತ ಮೇಲೆ ಅವು ಲಿಪಿ ಮರೆತುಹೋದ ಶಾಸನದಂತೆ ಉಳಿಯುತ್ತವೆ. ಅಕ್ಷರ ಕಾಣುತ್ತದೆ, ಓದಲಾಗುವುದಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ ೨೦೧೦ಕ್ಕೆ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಇಂದು ಮಾರುಕಟ್ಟೆಯಲ್ಲಿ ಕ್ರಮವಾಗಿ ದೊರೆಯುವುದಿಲ್ಲ. ಅಚ್ಚಿನಲ್ಲಿಲ್ಲದ ಪುಸ್ತಕ ಗ್ರಂಥಾಲಯದಲ್ಲಾದರೂ ಸಿಕ್ಕೀತು. ಅಚ್ಚಿನಲ್ಲಿಲ್ಲದ ಆಟಕ್ಕೆ ಆ ಆಸರೆಯೂ ಕಡಮೆ.

೩

ಇನ್ನು ಹಾಡಿನ ಪ್ರಶ್ನೆ. ಫ್ಯಾಮಿಕಾಮ್ ಯಂತ್ರವು ಸೆಕೆಂಡಿಗೆ ಸುಮಾರು ೬೦ ಚಿತ್ರಗಳನ್ನು ತೆರೆಯ ಮೇಲೆ ಬರೆಯುತ್ತಿತ್ತು. ಜಪಾನ್ ಅಮೆರಿಕಗಳ ಟಿ.ವಿ. ಪದ್ಧತಿ ಅದು. ಆಟದ ಸಂಗೀತವು ಸಾಮಾನ್ಯವಾಗಿ ಚಿತ್ರಕ್ಕೊಂದು ಹೆಜ್ಜೆಯಂತೆ ಮುಂದುವರಿಯುತ್ತದೆ. ಭಾರತದ ಟಿ.ವಿ. ಪದ್ಧತಿಯಲ್ಲಿ ಚಿತ್ರಗಳು ಸೆಕೆಂಡಿಗೆ ೫೦. ಯುರೋಪಿಗೆಂದು ನಿಂಟೆಂಡೊ ಮಾಡಿದ ಯಂತ್ರದಲ್ಲಿ ಚಿತ್ರಗಳ ಜೊತೆಗೆ ಸಂಸ್ಕಾರಕದ ವೇಗವನ್ನೂ ೧.೭೯ ಮೆಗಾಹರ್ಟ್ಸ್‌ನಿಂದ ೧.೬೬ಕ್ಕೆ ಇಳಿಸಲಾಯಿತು, ಆದ್ದರಿಂದ ಅಲ್ಲಿ ಲಯವೂ ನಿಧಾನವಾಯಿತು, ಶ್ರುತಿಯೂ ತಗ್ಗಿತು. ಐವತ್ತು ಚಿತ್ರಗಳ ಟಿ.ವಿ.ಗಳಿಗಾಗಿ ನಕಲುಯಂತ್ರಗಳನ್ನು ಮಾಡಿದವರಲ್ಲಿ ಅನೇಕರು ಬೇರೊಂದು ದಾರಿ ಹಿಡಿದರು: ಚಿತ್ರಗಳನ್ನು ೫೦ಕ್ಕೆ ಇಳಿಸಿದರೂ ಸಂಸ್ಕಾರಕವನ್ನು ೧.೭೭ ಮೆಗಾಹರ್ಟ್ಸ್‌ನಲ್ಲಿ, ಎಂದರೆ ಮೂಲಕ್ಕೆ ತೀರ ಸಮೀಪದಲ್ಲಿ ಇಟ್ಟರು. ಇದರ ಪರಿಣಾಮವಾಗಿ ಶ್ರುತಿ ಬಹುಮಟ್ಟಿಗೆ ಮೂಲದ್ದೇ. ಲಯ ಮಾತ್ರ ಆರರಲ್ಲಿ ಒಂದು ಪಾಲಿನಷ್ಟು ನಿಧಾನ. ೧೯೯೨ರಿಂದ ರಷ್ಯದಲ್ಲಿ ‘ಡೆಂಡಿ’ ಎಂಬ ಹೆಸರಿನಲ್ಲಿ ಮಾರಾಟವಾದ ನಕಲು ಇಂತಹುದು. ಆ ಹೆಸರನ್ನೇ ಎಮ್ಯುಲೇಟರುಗಳು ಈ ಮೂರನೆಯ ಪಾಠಕ್ಕೆ ಕೊಟ್ಟಿವೆ. ‘ಮೆಸೆನ್’ ಮುಂತಾದವುಗಳಲ್ಲಿ ಮೂರು ಪಾಠಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು. ನಮ್ಮ ವಿದ್ಯಾರ್ಥಿಯು ಡೆಂಡಿಯನ್ನು ಆರಿಸಿದನು. ಸೋದರಮಾವನು ಕೇಳಿ, ಇದೇ ಅದು ಎಂದರು.

ಹಾಗಾದರೆ ಇವುಗಳಲ್ಲಿ ಮೂಲಪಾಠ ಯಾವುದು? ಕರ್ತೃವಿನ ಉದ್ದೇಶವೇ ಪ್ರಮಾಣವೆಂದರೆ ೬೦ರ ಪಾಠ. ಆದರೆ ಬೈರಾಪಟ್ಟಣದಲ್ಲಿ ಆ ಆಟವನ್ನು ಕಂಡವರಿಗೆ ಪರಂಪರೆಯಿಂದ ದತ್ತವಾದುದು ೫೦ರ ಪಾಠ. ಕವಿಯ ಹಸ್ತಪ್ರತಿ ಬೇರೆ, ಒಂದು ಸೀಮೆಯಲ್ಲಿ ಪ್ರಚಾರದಲ್ಲಿದ್ದ ಪಾಠ ಬೇರೆ. ಸಂಪಾದಕನು ಮೊದಲನೆಯದನ್ನು ಹುಡುಕಬೇಕಾದರೂ ಎರಡನೆಯದನ್ನು ಅಳಿಸಿಹಾಕುವ ಅಧಿಕಾರ ಅವನಿಗಿಲ್ಲ. ಕನ್ನಡದಲ್ಲಿ ಈ ಶಾಸ್ತ್ರವನ್ನು ವಿಸ್ತಾರವಾಗಿ ನಿರೂಪಿಸಿದ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಹೊಸ ಮಾತಲ್ಲ. ಎಲ್ಲ ಪಾಠಗಳನ್ನೂ ಕೊಟ್ಟು, ಯಾವುದು ಎಲ್ಲಿಯದೆಂದು ಹೇಳಿ, ತನ್ನ ನಿರ್ಣಯವನ್ನು ಓದುಗನ ಮುಂದಿಡುವ ಎಮ್ಯುಲೇಟರನ್ನು ನಾವು ಸತ್‌ಸಂಪಾದನೆಯೆಂದು ಗೌರವಿಸಬೇಕು. ನಕಲುಪೆಟ್ಟಿಗೆಯೆಂಬ ತಾತ್ಸಾರದಿಂದ ಡೆಂಡಿಯ ಪಾಠವನ್ನು ಬಿಟ್ಟಿದ್ದರೆ ನಮ್ಮ ದೇಶದ ಒಂದು ತಲೆಮಾರಿನ ಅನುಭವಕ್ಕೆ ಸಾಕ್ಷಿಯೇ ಇಲ್ಲದಂತಾಗುತ್ತಿತ್ತು.

೪

ಸುಲಭಪಾಠಕ್ಕಿಂತ ಕ್ಲಿಷ್ಟಪಾಠಕ್ಕೆ ಹೆಚ್ಚು ಬೆಲೆ ಎಂಬುದು ಗ್ರಂಥಸಂಪಾದನೆಯ ಮತ್ತೊಂದು ಸೂತ್ರ. ಲಿಪಿಕಾರನು ತನಗೆ ತಿಳಿಯದ ಮಾತನ್ನು ತಿಳಿಯುವ ಮಾತಾಗಿ ತಿದ್ದುತ್ತಾನೆ. ಓದು ಸರಾಗವಾಗುತ್ತದೆ, ಕವಿ ಮರೆಯಾಗುತ್ತಾನೆ. ಎಮ್ಯುಲೇಟರುಗಳ ಇತಿಹಾಸದಲ್ಲಿ ಇದಕ್ಕೆ ಸಾಟಿಯಿಲ್ಲದ ಉದಾಹರಣೆ ಸೂಪರ್ ನಿಂಟೆಂಡೊ ಯಂತ್ರದ ಎರಡು ಅನುಕರಣಗಳಲ್ಲಿದೆ.

‘ಝಡ್‌ಎಸ್‌ನೆಸ್’ ಎಂಬುದು ೧೯೯೭ರಲ್ಲಿ ಹುಟ್ಟಿತು. ಅಂದಿನ ದುರ್ಬಲ ಗಣಕಗಳಲ್ಲಿಯೂ ವೇಗವಾಗಿ ಓಡಲೆಂದು ಅದನ್ನು ಬಹುಭಾಗ ಅಸೆಂಬ್ಲಿ ಭಾಷೆಯಲ್ಲಿ ಬರೆದರು. ಕಾಲಗಣನೆಯಲ್ಲಿ ಅನೇಕ ಒಳದಾರಿಗಳನ್ನು ಹಿಡಿದರು. ಜನಪ್ರಿಯವಾಯಿತು, ಅಗಬೇಕಾದದ್ದೇ. ಆದರೆ ಅದರ ತಪ್ಪುಗಳೇ ಕ್ರಮೇಣ ಪ್ರಮಾಣವಾದುವು. ಜಪಾನೀ ಆಟಗಳನ್ನು ಇಂಗ್ಲಿಷಿಗೆ ತರುತ್ತಿದ್ದ ಉತ್ಸಾಹಿಗಳು ತಮ್ಮ ಕೆಲಸವನ್ನು ಅದರಲ್ಲಿಯೇ ಪರೀಕ್ಷಿಸುತ್ತಿದ್ದುದರಿಂದ, ಅವರ ಅನುವಾದಗಳಲ್ಲಿ ಹಲವು ಮೂಲಯಂತ್ರದಲ್ಲಿ ನಡೆಯದೆ ಹೋದುವು. ದೋಷಯುಕ್ತ ಪ್ರತಿಯೊಂದು ತನ್ನದೇ ಶಾಖೆಯನ್ನು ಬೆಳೆಸಿತೆಂದು ನಮ್ಮ ಪರಿಭಾಷೆಯಲ್ಲಿ ಹೇಳಬಹುದು.

‘ನಿಯರ್’ ಎಂಬ ಹೆಸರಿನಿಂದ ಪ್ರಸಿದ್ಧರಾದ ಪ್ರೋಗ್ರಾಮರೊಬ್ಬರು ೨೦೦೪ರಲ್ಲಿ ಆರಂಭಿಸಿದ ‘ಬಿಎಸ್‌ನೆಸ್’ ಇದಕ್ಕೆ ಪ್ರತಿಯಾಗಿ ನಿಂತಿತು. ಮೂಲದ ಪ್ರತಿಯೊಂದು ಗಡಿಯಾರದ ಬಡಿತವನ್ನೂ ಅನುಸರಿಸುವುದೇ ಅದರ ವ್ರತ. ‘ಸ್ಪೀಡಿ ಗೊಂಜಾಲೆಸ್’ ಎಂಬ ಆಟದ ಕೊನೆಯ ಭಾಗದಲ್ಲಿ ಒಂದು ಗುಂಡಿಯನ್ನು ಮುಟ್ಟಿದೊಡನೆ ಇತರ ಎಮ್ಯುಲೇಟರುಗಳಲ್ಲಿ ಆಟ ನಿಂತುಬಿಡುತ್ತಿತ್ತು. ಆಟವನ್ನು ಬರೆದವರು ಅಲ್ಲಿ ತಪ್ಪಾಗಿ, ಯಾವ ಸ್ಮೃತಿಯೂ ಇಲ್ಲದ ಒಂದು ವಿಳಾಸವನ್ನು ಓದಿದ್ದರು. ಅಂತಹ ಓದಿಗೆ ಮೂಲಯಂತ್ರವು ತಂತಿಗಳಲ್ಲಿ ಹಿಂದಿನ ಕ್ಷಣ ಉಳಿದಿದ್ದ ಬೆಲೆಯನ್ನೇ ಕೊಡುತ್ತಿದ್ದುದರಿಂದ ಆಟ ಹೇಗೋ ಮುಂದುವರಿಯುತ್ತಿತ್ತು. ಎಂದರೆ ಯಂತ್ರದ ವಿಲಕ್ಷಣತೆಯನ್ನೂ ಅನುಕರಿಸಿದಲ್ಲದೆ ಕರ್ತೃವಿನ ಸ್ಖಾಲಿತ್ಯವೂ ಸರಿಯಾಗಿ ನಡೆಯದು! ನಿಷ್ಠೆಗೆ ತೆರಬೇಕಾದ ಬೆಲೆಯೂ ಅಲ್ಪವಲ್ಲ. ೩.೫೮ ಮೆಗಾಹರ್ಟ್ಸ್ ವೇಗದ ಹಳೆಯ ಯಂತ್ರವನ್ನು ಕುಂದಿಲ್ಲದೆ ಅನುಕರಿಸಲು ೩ ಗಿಗಾಹರ್ಟ್ಸ್ ಗಣಕ ಬೇಕೆಂದು ನಿಯರ್ ೨೦೧೧ರಲ್ಲಿ ವಾದಿಸಿದರು, ಸಾವಿರಪಾಲಿಗೆ ಹತ್ತಿರ. ಅವರು ೨೦೨೧ರಲ್ಲಿ ತೀರಿಕೊಂಡರು. ಅವರ ಪ್ರೋಗ್ರಾಮು ಮುಕ್ತ ಹಕ್ಕುಪತ್ರದಡಿ ಇದ್ದುದರಿಂದ ಇತರರ ಕೈಯಲ್ಲಿ ಮುಂದುವರಿದಿದೆ.

ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಯಂತ್ರಗಳಿಗಾಗಿ ೧೯೯೭ರಲ್ಲಿ ನಿಕೊಲಾ ಸಲ್ಮೋರಿಯಾ ಆರಂಭಿಸಿದ ‘ಮೇಮ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಯಂತ್ರಗಳ ಒಳರಚನೆಯನ್ನು ದಾಖಲೆ ಮಾಡುವುದೇ ತನ್ನ ಗುರಿ, ಆಡಲು ಬರುವುದು ಅದರ ಉಪಫಲ ಎಂದು ಆ ಯೋಜನೆಯು ಸ್ಪಷ್ಟವಾಗಿ ಸಾರುತ್ತದೆ. ಆ ಕಾರ್ಯದ ತುರ್ತನ್ನು ಒಂದು ಸಂಗತಿಯಿಂದ ತಿಳಿಯಬಹುದು. ಕ್ಯಾಪ್ಕಾಮ್ ಸಂಸ್ಥೆಯು ೧೯೯೩ರಲ್ಲಿ ತಂದ ಒಂದು ಬಗೆಯ ಫಲಕಗಳಲ್ಲಿ ಆಟವನ್ನು ಗೂಢಲಿಪಿಯಲ್ಲಿ ಬರೆದು, ಅದರ ಕೀಲಿಯನ್ನು ಬ್ಯಾಟರಿಯ ಆಸರೆಯ ಸ್ಮೃತಿಯಲ್ಲಿ ಇಟ್ಟಿದ್ದರು. ಬ್ಯಾಟರಿ ಸತ್ತರೆ ಕೀಲಿ ಹೋಯಿತು. ಕೀಲಿ ಹೋದರೆ ಆಟವೂ ಹೋಯಿತು. ಆ ಗೂಢಲಿಪಿಯನ್ನು ೨೦೦೭ರಲ್ಲಿ ಭೇದಿಸಿದುದರಿಂದ ಮಾತ್ರ ಆ ಆಟಗಳಿಗೆ ಬ್ಯಾಟರಿಯ ಆಯುಸ್ಸನ್ನು ಮೀರಿದ ಆಯುಸ್ಸು ದೊರೆಯಿತು.

೫

ಇಷ್ಟರಮಟ್ಟಿಗೆ ಎಮ್ಯುಲೇಟರುಗಳ ಕರ್ತೃಗಳ ಮಾತಾಯಿತು. ಅವರ ಹೆಸರುಗಳನ್ನು ಬಲ್ಲವರು ಉಂಟು. ಅವರ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ಕಟ್ಟುಮಾಡಿ ಉಳಿಸುವ ಪಾಲಕರ ಹೆಸರು ಕೇಳಿದವರು ಕಡಮೆ. ಆದರೆ ಅನುಕರಿಸುವ ಪ್ರೋಗ್ರಾಮೂ ಪ್ರೋಗ್ರಾಮೇ. ಅದಕ್ಕೂ ಮುಪ್ಪು ತಪ್ಪಿದ್ದಲ್ಲ. ಝಡ್‌ಎಸ್‌ನೆಸ್‌ನ ಹಣೆಯಬರಹವೇ ಇದಕ್ಕೆ ನಿದರ್ಶನ. ೨೦೦೧ರಿಂದಲೇ ಅದರ ಮೂಲಬರಹ ಮುಕ್ತವಾಗಿತ್ತು. ಆದರೂ ೩೨ ಬಿಟ್ಟಿನ ಇಂಟೆಲ್ ಸಂಸ್ಕಾರಕಗಳ ಅಸೆಂಬ್ಲಿಗೆ ಕಟ್ಟುಬಿದ್ದಿದ್ದುದರಿಂದ ಅದನ್ನು ೬೪ ಬಿಟ್ಟಿನ ಯಂತ್ರಗಳಿಗೆ ಸರಳವಾಗಿ ಒಯ್ಯಲಾಗಲಿಲ್ಲ. ೨೦೦೭ರ ಜನವರಿಯಲ್ಲಿ ೧.೫೧ನೆಯ ಆವೃತ್ತಿ ಬಂದ ಮೇಲೆ ಅದರ ಬೆಳವಣಿಗೆ ನಿಂತಿತು. ಮುಂದೆ ೨೦೧೯ರ ಜೂನ್ ತಿಂಗಳಲ್ಲಿ ಉಬುಂಟು ವಿತರಣೆಯು ೩೨ ಬಿಟ್ಟಿನ ಲೈಬ್ರರಿಗಳನ್ನೇ ಕೈಬಿಡುವುದಾಗಿ ಪ್ರಕಟಿಸಿತು. ಹಳೆಯ ಆಟಗಳನ್ನು ನಡೆಸುವವರು ಬಲವಾಗಿ ಆಕ್ಷೇಪಿಸಿದ ಬಳಿಕ ಆಯ್ದ ಕೆಲವನ್ನು ಉಳಿಸಿಕೊಂಡಿತು. ಮುಕ್ತವಾಗಿರುವುದೊಂದೇ ಸಾಲದು, ಮುಂದಿನವರು ಪ್ರತಿಮಾಡಬಲ್ಲ ಲಿಪಿಯಲ್ಲಿಯೂ ಇರಬೇಕು ಎಂಬ ಪಾಠ ಇದರಿಂದ ಸಿದ್ಧವಾಗುತ್ತದೆ.

ಪಾಲಕನ ದಿನಚರಿ ಹೇಗಿರುತ್ತದೆಂಬುದಕ್ಕೆ ಒಂದೆರಡು ಮಾತು. ೨೦೨೦ರಲ್ಲಿ ಬಂದ ಜಿಸಿಸಿ ಕಂಪೈಲರಿನ ೧೦ನೆಯ ಆವೃತ್ತಿಯು ಅಲ್ಲಿಯವರೆಗೆ ಮನ್ನಿಸುತ್ತಿದ್ದ ಒಂದು ಸಡಿಲ ಪ್ರಯೋಗವನ್ನು ದೋಷವೆಂದು ಎಣಿಸತೊಡಗಿತು: ಒಂದೇ ಹೆಸರನ್ನು ಹಲವು ಕಡತಗಳಲ್ಲಿ ಘೋಷಿಸಿದರೆ ಮೊದಲು ಮೌನವಾಗಿ ಒಂದಾಗಿಸುತ್ತಿತ್ತು, ಈಗ ಕಟ್ಟಲು ನಿರಾಕರಿಸಿತು. ೨೦೨೪ರ ೧೪ನೆಯ ಆವೃತ್ತಿಯು ಮತ್ತಷ್ಟು ಬಿಗಿಯಾಯಿತು. ಚಿತ್ರ, ಧ್ವನಿ, ಕೀಲಿಮಣೆಗಳಿಗೆ ಅನೇಕ ಎಮ್ಯುಲೇಟರುಗಳು ನೆಚ್ಚಿಕೊಂಡಿದ್ದ ಎಸ್‌ಡಿಎಲ್ ಲೈಬ್ರರಿಯ ಎರಡನೆಯ ಪೀಳಿಗೆ ೨೦೧೩ರಲ್ಲಿಯೂ ಮೂರನೆಯದು ೨೦೨೫ರಲ್ಲಿಯೂ ಬಂದುವು. ಹಿಂದಿನ ದಿನ ಸರಿಯಾಗಿದ್ದ ಪ್ರೋಗ್ರಾಮು ತನ್ನಲ್ಲಿ ಒಂದಕ್ಷರವೂ ಬದಲಾಗದೆ ಮಾರನೆಯ ದಿನ ತಪ್ಪಾಗುತ್ತದೆ. ವ್ಯಾಕರಣ ಬದಲಾದಾಗ ಹಳಗನ್ನಡದ ಪ್ರಯೋಗ ಅಪಶಬ್ದವೆನಿಸುವಂತೆ. ಪಾಲಕನು ಆಗ ತಿದ್ದಲೇಬೇಕು.

ತಿದ್ದುವ ಬಗೆಯಲ್ಲಿಯೇ ಆತನ ವಿವೇಕ ಕಾಣುವುದು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಸ್ಥಾಪಿಸಿದ ಡೆಬಿಯನ್ ವಿತರಣೆಯಲ್ಲಿ ಈ ವಿಷಯದಲ್ಲಿ ಉತ್ತಮವಾದ ಒಂದು ಸಂಪ್ರದಾಯವಿದೆ. ಕರ್ತೃವು ಕೊಟ್ಟ ಮೂಲಬರಹವನ್ನು ಮುಟ್ಟದೆ ಹಾಗೆಯೇ ಇಡುತ್ತಾರೆ. ಪಾಲಕರ ತಿದ್ದುಪಡಿಗಳು ಬೇರೆ ಕಡತಗಳಲ್ಲಿ, ಒಂದೊಂದಕ್ಕೂ ಕಾರಣದೊಡನೆ ಇರುತ್ತವೆ. ಯಾವ ದಿನ ಯಾರು ಏನನ್ನು ಬದಲಿಸಿದರೆಂಬ ದಿನಾಂಕಿತ ಪಟ್ಟಿಯೂ, ಯಾವ ಭಾಗ ಯಾರ ಸ್ವತ್ತೆಂಬ ವಿವರವೂ ಕಟ್ಟಿನೊಳಗೇ ಇರುತ್ತವೆ. ಮೇಲೆ ಮೂಲಪಾಠ, ಕೆಳಗೆ ಅಡಿಟಿಪ್ಪಣಿ, ಹಿಂದೆ ಪ್ರತಿಗಳ ವಿವರ: ಶಾಸ್ತ್ರೀಯ ಸಂಪಾದನೆಗೆ ಇನ್ನೇನು ಬೇಕು? ಒಂದೇ ಮೂಲದಿಂದ ಯಾರು ಕಟ್ಟಿದರೂ ಅಕ್ಷರಶಃ ಒಂದೇ ಪ್ರತಿ ಬರಬೇಕೆಂದು ಅಲ್ಲಿ ೨೦೧೩ರಿಂದ ನಡೆಯುತ್ತಿರುವ ಪ್ರಯತ್ನವನ್ನು ಕಂಡರೆ ಪ್ರತಿಗಳನ್ನು ತಾಳೆ ನೋಡಿ ದಣಿದ ಯಾವ ಸಂಪಾದಕನಿಗಾದರೂ ಅಸೂಯೆಯಾದೀತು.

ಹಕ್ಕಿನ ವಿಷಯದಲ್ಲಿಯೂ ಪಾಲಕರ ನಿಷ್ಠುರತೆ ವ್ಯರ್ಥವಾಗಲಿಲ್ಲ. ಮೇಮ್‌ನ ಹಳೆಯ ಹಕ್ಕುಪತ್ರವು ವಾಣಿಜ್ಯಬಳಕೆಯನ್ನು ನಿಷೇಧಿಸುತ್ತಿದ್ದುದರಿಂದ ಡೆಬಿಯನ್ ಅದನ್ನು ತನ್ನ ಮುಖ್ಯ ಭಂಡಾರದ ಹೊರಗೆ ಇಟ್ಟಿತ್ತು. ಮೇಮ್‌ನವರು ವರ್ಷಗಳ ಕಾಲ ಬರೆದ ನೂರಾರು ಜನರ ಒಪ್ಪಿಗೆಯನ್ನು ಪಡೆದು ೨೦೧೬ರಲ್ಲಿ ಮುಕ್ತ ಹಕ್ಕುಪತ್ರಕ್ಕೆ ಬಂದರು. ಅನಂತರ ಮುಖ್ಯ ಭಂಡಾರದ ಬಾಗಿಲು ತೆರೆಯಿತು.

ಆದರೆ ಈ ಪದ್ಧತಿಯಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಡೆಬಿಯನ್ನಿನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಗಳಿಗೊಮ್ಮೆ ಬರುತ್ತದೆ. ಮೇಮ್ ಬಹುಮಟ್ಟಿಗೆ ತಿಂಗಳಿಗೊಮ್ಮೆ ಬರುತ್ತದೆ. ಸ್ಥಿರ ಭಂಡಾರದ ಪ್ರತಿಯನ್ನು ಬಳಸುವವನು ಎಂದೋ ತಿದ್ದಿಹೋದ ತಪ್ಪನ್ನು ಕಂಡು ಕರ್ತೃವಿಗೆ ದೂರುತ್ತಾನೆ, ಕರ್ತೃವು ಬೇಸರಪಡುತ್ತಾನೆ. ಈ ಬೇಸರವೂ ಸೇರಿ, ಎಲ್ಲ ಲೈಬ್ರರಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಕೊಡುವ ‘ಫ್ಲ್ಯಾಟ್‌ಪ್ಯಾಕ್’ ಮುಂತಾದ ವಿಧಾನಗಳು ಪ್ರಚಾರಕ್ಕೆ ಬಂದಿವೆ. ಹೊಸದು ಬೇಗ ಕೈಸೇರುತ್ತದೆ. ಯಾವ ವಿತರಣೆಯಲ್ಲಿಯೂ ನಡೆಯುತ್ತದೆ. ಇದು ನಿಜವಾದ ಅನುಕೂಲವೇ. ಆದರೆ ಪೆಟ್ಟಿಗೆಯೊಳಗಿನ ಲೈಬ್ರರಿಯಲ್ಲಿ ತಪ್ಪು ಕಂಡರೆ ಪ್ರತಿಯೊಂದು ಪೆಟ್ಟಿಗೆಯನ್ನೂ ಬೇರೆಬೇರೆಯಾಗಿ ತೆರೆದು ಸರಿಪಡಿಸಬೇಕಾದ ಸಂದರ್ಭ ಬರಬಹುದು. ಕರ್ತೃವಲ್ಲದ ಎರಡನೆಯ ಕಣ್ಣೊಂದು ಅದನ್ನು ಓದಿ ನೋಡುವ ಅವಕಾಶವೂ ಕಡಮೆಯಾಗುತ್ತದೆ. ಓದುವುದಕ್ಕೆ ಜನಪ್ರಿಯ ಮುದ್ರಣ, ಆಧಾರಕ್ಕೆ ಶಾಸ್ತ್ರೀಯ ಮುದ್ರಣ ಎಂಬ ವಿಭಾಗವನ್ನು ಇಲ್ಲಿಯೂ ಒಪ್ಪುವುದು ಲೇಸೆಂದು ನಮಗೆ ತೋರುತ್ತದೆ. ಒಂದಿದೆಯೆಂದು ಮತ್ತೊಂದನ್ನು ಬಿಡಬಾರದು.

ಇದಕ್ಕಿಂತ ಗಂಭೀರವಾದುದು ಕೈಗಳ ಕೊರತೆ. ಈ ಕೆಲಸ ಮಾಡುವವರಲ್ಲಿ ಬಹುಮಂದಿ ಸ್ವಯಂಸೇವಕರು. ಪಾಲಕನು ಕೈಬಿಟ್ಟ ಕಟ್ಟುಗಳನ್ನು ಡೆಬಿಯನ್ ‘ಅನಾಥ’ವೆಂದೇ ಪಟ್ಟಿಮಾಡುತ್ತದೆ, ಗಂಭೀರ ದೋಷವನ್ನು ಯಾರೂ ತಿದ್ದದಿದ್ದರೆ ಅಂತಹ ಕಟ್ಟು ಮುಂದಿನ ಆವೃತ್ತಿಯಿಂದ ಹೊರಬೀಳುತ್ತದೆ. ಒಂದೇ ಪ್ರತಿಯಲ್ಲಿ ಉಳಿದ ಕಾವ್ಯದ ಸ್ಥಿತಿಯೂ ಇದೇ.

೬

ಆಟಗಳನ್ನು ಪ್ರತಿಮಾಡುವುದು ಕಳ್ಳತನವಲ್ಲವೇ ಎಂಬ ಆಕ್ಷೇಪವನ್ನು ಇಲ್ಲಿ ಪರಿಶೀಲಿಸಬೇಕು. ಎಮ್ಯುಲೇಟರು ಬೇರೆ, ಆಟ ಬೇರೆ. ಯಂತ್ರದ ನಡೆವಳಿಕೆಯನ್ನು ಅಭ್ಯಸಿಸಿ ಸ್ವತಂತ್ರವಾಗಿ ಬರೆದ ಅನುಕರಣಕ್ಕೆ ದೋಷವಿಲ್ಲವೆಂಬ ಭಾವವೇ ಸೋನಿ ಸಂಸ್ಥೆಯು ಕನೆಕ್ಟಿಕ್ಸ್ ಸಂಸ್ಥೆಯ ಮೇಲೆ ಹೂಡಿದ ವ್ಯಾಜ್ಯದಲ್ಲಿ ೨೦೦೦ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಕೊಟ್ಟ ತೀರ್ಪಿನಲ್ಲಿದೆ. ಹಕ್ಕುಳ್ಳ ಆಟವನ್ನು ಅನುಮತಿಯಿಲ್ಲದೆ ಹಂಚುವುದು ಸಲ್ಲದು. ಅದನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ.

ಭಾರತದ ೧೯೫೭ರ ಕೃತಿಸ್ವಾಮ್ಯ ಅಧಿನಿಯಮವು ಗಣಕದ ಪ್ರೋಗ್ರಾಮನ್ನು ‘ಸಾಹಿತ್ಯಕೃತಿ’ಗಳಲ್ಲಿಯೇ ಎಣಿಸುತ್ತದೆ. ಪ್ರೋಗ್ರಾಮುಗಳು ಒಂದರೊಡನೊಂದು ಹೊಂದಿ ನಡೆಯಲು ಅಗತ್ಯವಾದ ತಿಳಿವಳಿಕೆಯನ್ನು ಪಡೆಯುವುದಕ್ಕೂ, ನ್ಯಾಯವಾಗಿ ಹೊಂದಿರುವ ಪ್ರೋಗ್ರಾಮಿನ ನಷ್ಟದ ರಕ್ಷಣೆಗಾಗಿ ಪ್ರತಿಮಾಡಿಕೊಳ್ಳುವುದಕ್ಕೂ ೫೨ನೆಯ ಕಲಮಿನಲ್ಲಿ ಅವಕಾಶವಿದೆ. ೨೦೧೨ರ ತಿದ್ದುಪಡಿಯು ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯಗಳು ರಕ್ಷಣೆಗಾಗಿ ಕೃತಿಗಳನ್ನು ವಿದ್ಯುನ್ಮಾನದಲ್ಲಿ ಶೇಖರಿಸಬಹುದೆಂದಿದೆ. ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕೆಂಬುದು ಷರತ್ತು. ಕಾಗದದ ಪುಸ್ತಕವನ್ನು ಮನಸ್ಸಿನಲ್ಲಿಟ್ಟು ಬರೆದ ವಾಕ್ಯವಿದು. ಹುಟ್ಟುತ್ತಲೇ ಡಿಜಿಟಲ್ ಆಗಿದ್ದ ಕೃತಿಗೆ ಡಿಜಿಟಲ್ ಅಲ್ಲದ ಪ್ರತಿ ಎಲ್ಲಿಂದ ಬರಬೇಕು? ಸಾಹಿತ್ಯವೆಂದು ಒಂದು ಕಲಮಿನಲ್ಲಿ ಬರಮಾಡಿಕೊಂಡುದನ್ನು ಮತ್ತೊಂದು ಕಲಮು ಹೊಸ್ತಿಲಲ್ಲಿಯೇ ನಿಲ್ಲಿಸಿದೆ.

೭

ಕೊನೆಯದಾಗಿ, ಕನ್ನಡ ವಿಭಾಗಕ್ಕೆ ಇದರಿಂದ ಏನು ಎಂಬ ಪ್ರಶ್ನೆ. ಕನ್ನಡವು ಗಣಕಕ್ಕೆ ಬಂದ ಮೊದಲ ದಶಕಗಳ ಬರಹವೆಲ್ಲ ಈ ಆಟದ ಕ್ಯಾಸೆಟ್ಟಿನ ಸ್ಥಿತಿಯಲ್ಲಿಯೇ ಇದೆ ಎಂಬುದನ್ನು ನಾವು ಮರೆಯಬಾರದು. ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲಿಯೇ, ೧೯೯೧ರಲ್ಲಿ, ಕನ್ನಡಕ್ಕೆ ಸ್ಥಾನ ಕೊಟ್ಟಿತಾದರೂ ಅದು ನಿತ್ಯಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಷ್ಟರಲ್ಲಿ ಸಿ-ಡ್ಯಾಕ್ ಪ್ರಚುರಪಡಿಸಿದ ಜಿಸ್ಟ್ ಕಾರ್ಡಿನಲ್ಲಿಯೂ, ಅದೇ ೧೯೯೧ರಲ್ಲಿ ಪ್ರಮಾಣೀಕೃತವಾದ ಇಸ್ಕಿ ಸಂಕೇತದಲ್ಲಿಯೂ, ಕೆ. ಪಿ. ರಾಯರ ‘ಸೇಡಿಯಾಪು’ವಿನಲ್ಲಿಯೂ, ೧೯೯೮ರಲ್ಲಿ ಬಂದ ‘ಬರಹ’ದಲ್ಲಿಯೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿಯೂ ಕನ್ನಡಿಗರು ಲೆಕ್ಕವಿಲ್ಲದಷ್ಟು ಪುಟಗಳನ್ನು ಬರೆದರು. ಯೂನಿಕೋಡಿಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಬರೆದ ಕಡತವನ್ನು ಆ ಶೈಲಿಯಿಲ್ಲದೆ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಗೊಂದಲ ಮಾತ್ರ. ಕೆಲವಕ್ಕೆ ಪರಿವರ್ತಕಗಳಿವೆ. ಆದರೆ ಪರಿವರ್ತಿತವಾದುದು ಸರಿಯೇ ಎಂದು ಒರೆಗೆ ಹಚ್ಚಲು ಮೂಲ ಪ್ರೋಗ್ರಾಮಿನಲ್ಲಿ ಆ ಪುಟ ಹೇಗೆ ಕಾಣುತ್ತಿತ್ತೆಂಬುದನ್ನು ನೋಡಲೇಬೇಕು. ಒತ್ತಕ್ಷರ, ಅರ್ಕಾವೊತ್ತುಗಳು ಸ್ಥಾನಪಲ್ಲಟವಾಗುವ ಸಂಭವ ಇಲ್ಲಿ ಹೆಚ್ಚು.

ಹಾಗೆ ನೋಡುವ ಕಿಟಕಿ ಎಮ್ಯುಲೇಟರೇ. ಹಳೆಯ ಡಾಸ್ ಆಟಗಳಿಗೆಂದು ೨೦೦೨ರಲ್ಲಿ ಹೊರಬಂದ ‘ಡಾಸ್‌ಬಾಕ್ಸ್’ ಹಳೆಯ ಡಾಸ್ ಪ್ರೋಗ್ರಾಮುಗಳನ್ನೂ ನಡೆಸುತ್ತದೆ. ಆಟವಾಡುವವರ ಹಂಬಲದಿಂದ ಬೆಳೆದ ಉಪಕರಣ ಗ್ರಂಥಸಂಪಾದಕನ ಕೈಗೂ ಒದಗಿದೆ. ಜಿಸ್ಟ್ ಕಾರ್ಡಿನ ಸಂದರ್ಭವು ಇನ್ನೂ ಕಠಿನ. ಅದು ಗಣಕದೊಳಗೆ ಸಿಕ್ಕಿಸುತ್ತಿದ್ದ ಯಂತ್ರಭಾಗ. ಪ್ರೋಗ್ರಾಮನ್ನು ಮಾತ್ರ ಉಳಿಸಿದರೆ ಆಗದು, ಆ ಭಾಗದ ನಡೆವಳಿಕೆಯನ್ನೂ ಯಾರಾದರೂ ಮೇಮ್‌ನವರ ಶ್ರದ್ಧೆಯಿಂದ ದಾಖಲಿಸಬೇಕು. ಅದನ್ನು ಬಳಸಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಆ ಕೆಲಸ ಆಗಬೇಕು. ಹಾಡು ಓಡುತ್ತಿದೆಯೆಂದು ಕಿವಿಯಿಂದಲೇ ಹೇಳಬಲ್ಲ ಸಾಕ್ಷಿಗಳು ಎಲ್ಲ ಕಾಲಕ್ಕೂ ಇರುವುದಿಲ್ಲ.

ಕನ್ನಡಕ್ಕೆ ಈ ದಾರಿ ಅಪರಿಚಿತವೇನೂ ಅಲ್ಲ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರಶೈಲಿಗಳು ಡೆಬಿಯನ್ನಿನಲ್ಲಿ ಕಟ್ಟುಗಳಾಗಿ ಸೇರಿವೆ. ಯಾರದೋ ಪಾಲನೆಯಿಂದ ಆವೃತ್ತಿಯಿಂದ ಆವೃತ್ತಿಗೆ ನಡೆದು ಬರುತ್ತಿವೆ. ಕಾಲೇಜುಗಳ ವಿಭಾಗಗಳು ತಮ್ಮ ಕಪಾಟುಗಳಲ್ಲಿ ಬಿದ್ದಿರುವ ಫ್ಲಾಪಿಗಳನ್ನೂ ಹಳೆಯ ಗಣಕಗಳನ್ನೂ ಹಳೆಯ ಸಾಮಾನಿನವರಿಗೆ ಹಾಕುವ ಮೊದಲು ಮೂರು ಕೆಲಸಗಳನ್ನು ಮಾಡಬಹುದು. ತಟ್ಟೆಗಳಲ್ಲಿರುವುದನ್ನು ತಿದ್ದದೆ ಯಥಾವತ್ತಾಗಿ ಪ್ರತಿಮಾಡಿಡುವುದು ಒಂದು. ಯಾವ ಗಣಕದಲ್ಲಿ, ಯಾವ ಪ್ರೋಗ್ರಾಮಿನ ಎಷ್ಟನೆಯ ಆವೃತ್ತಿಯಲ್ಲಿ, ಯಾವ ಅಕ್ಷರಶೈಲಿಯಲ್ಲಿ ಬರೆದದ್ದೆಂಬ ವಿವರವನ್ನು ಜೊತೆಗಿಡುವುದು ಎರಡು. ಹಕ್ಕುದಾರರು ಸಿಕ್ಕುವಾಗಲೇ ಅವರ ಅನುಮತಿಯನ್ನು ಬರಹದಲ್ಲಿ ಪಡೆಯುವುದು ಮೂರು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಗ್ರಂಥಸಂಪಾದನೆಯ ಪತ್ರಿಕೆಗೆ ಓಲೆಗರಿಯ ಬದಲು ೧೯೯೦ರ ದಶಕದ ಒಂದು ಫ್ಲಾಪಿಯನ್ನು ಆರಿಸಿಕೊಂಡರೆ ನಾವು ಅದನ್ನು ಒಪ್ಪಬೇಕೆಂದು ನಮ್ಮ ಸೂಚನೆ.

ನಮ್ಮ ಲಿಪಿಕಾರರಲ್ಲಿ ಅನೇಕರು ಕಟ್ಟಿನ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುವವರನ್ನು ಬೇಡಿಕೊಳ್ಳುತ್ತಿದ್ದರು. ಬೈರಾಪಟ್ಟಣದ ಆ ಪೆಟ್ಟಿಗೆ ಈಗ ನಮ್ಮ ವಿಭಾಗದ ಕಪಾಟಿನಲ್ಲಿದೆ. ಅದರ ಪಕ್ಕದಲ್ಲಿ, ಮೂರು ಪಾಠಗಳ ವಿವರವನ್ನೂ ಸೋದರಮಾವನ ಹೇಳಿಕೆಯನ್ನೂ ಬರೆದ ಒಂದು ಹಾಳೆಯನ್ನು ಇಟ್ಟಿದ್ದೇವೆ. ಅದರಲ್ಲಿ ತಪ್ಪು ಕಂಡವರು ತಿದ್ದಬೇಕಾಗಿ ಬೇಡುತ್ತೇವೆ.